ತಗಡಿನ ಕಾಫಿಪಾತ್ರೆಯೂ ಜಲವರ್ಣವೂ: ಹಳೆಯ ಗೃಹಬಳಕೆಯ ವಸ್ತುಗಳ ಚಿತ್ರದಾಖಲೆ ಕುರಿತು

ಜಾನಪದ ಅಧ್ಯಯನದಲ್ಲಿ ಹಾಡು, ಕಥೆ, ಗಾದೆ, ಒಗಟುಗಳಿಗೆ ದೊರೆತಷ್ಟು ಗಮನ ಮನೆಬಳಕೆಯ ವಸ್ತುಗಳಿಗೆ ದೊರೆತಿಲ್ಲವೆಂಬುದು ಹಳೆಯ ಮಾತು. ವಸ್ತುಗಳನ್ನು ಕುರಿತು ಬರೆದಾಗಲೂ ಅವುಗಳ ಚಿತ್ರವನ್ನು ಬರವಣಿಗೆಯ ಪಕ್ಕದಲ್ಲಿ ಕೂರಿಸುವ ಅಲಂಕಾರವೆಂದೇ ಭಾವಿಸುವ ರೂಢಿ ಬೆಳೆದುಬಂದಿದೆ. ಹಾಡನ್ನು ಬರೆದುಕೊಂಡವರು ಏನನ್ನು ಉಳಿಸಿದರು, ಏನನ್ನು ಬಿಟ್ಟರು, ಯಾರ ಬಾಯಿಂದ ಕೇಳಿದರು ಎಂಬ ಪ್ರಶ್ನೆಗಳನ್ನು ವಿದ್ವಾಂಸರು ಬಹಳ ಹಿಂದಿನಿಂದಲೂ ಕೇಳುತ್ತ ಬಂದಿದ್ದಾರೆ. ಅದೇ ಪ್ರಶ್ನೆಗಳನ್ನು ಒಂದು ಪಾತ್ರೆಯ ಚಿತ್ರದ ಮುಂದಿಟ್ಟು ನೋಡಿದವರು ಕಡಿಮೆ. ಚಿತ್ರವೂ ಒಂದು ಪಾಠಾಂತರವೆಂದು ಒಪ್ಪಿಕೊಂಡರೆ ಅದರ ಹಿಂದಿನ ಆಯ್ಕೆಗಳನ್ನು ಪರಿಶೀಲಿಸುವ ಹೊಣೆಯೂ ಬರುತ್ತದೆ. ಈ ಪರಿಶೀಲನೆಗೆ ಜಗತ್ತಿನಲ್ಲಿ ದೊರೆಯುವ ಬಹುದೊಡ್ಡ ಆಕರಗಳಲ್ಲಿ ಒಂದು, 1935ರಿಂದ 1942ರವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸಿದ್ಧವಾದ 'ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್' ಎಂಬ ಜಲವರ್ಣ ಚಿತ್ರಗಳ ಭಂಡಾರ. 18,000ಕ್ಕೂ ಹೆಚ್ಚು ಚಿತ್ರಗಳಿರುವ ಈ ಭಂಡಾರ ಇಂದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ.

ಇದರ ಹುಟ್ಟಿಗೆ ಎರಡು ಕಾರಣಗಳಿದ್ದವು. ಮೊದಲನೆಯದು ಹಸಿವು. 1929ರ ಆರ್ಥಿಕ ಕುಸಿತದ ನಂತರ ಕೆಲಸವಿಲ್ಲದೆ ಕುಳಿತವರಲ್ಲಿ ಚಿತ್ರಕಾರರೂ ಇದ್ದರು. ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರ 1935ರಲ್ಲಿ ಆರಂಭಿಸಿದ ಉದ್ಯೋಗ ಯೋಜನೆಯ ಭಾಗವಾಗಿ ಚಿತ್ರಕಲೆ, ಸಂಗೀತ, ರಂಗಭೂಮಿ, ಬರವಣಿಗೆ ಇವುಗಳಿಗೆ ಪ್ರತ್ಯೇಕ ಶಾಖೆಗಳು ಏರ್ಪಟ್ಟವು. ಚಿತ್ರಕಲೆಯ ಶಾಖೆಯಾದ ಫೆಡರಲ್ ಆರ್ಟ್ ಪ್ರಾಜೆಕ್ಟ್‌ನ ನಿರ್ದೇಶಕರು ಹೋಲ್ಗರ್ ಕಾಹಿಲ್. ಎರಡನೆಯ ಕಾರಣ ಒಂದು ಗ್ರಂಥಾಲಯದ ಕೊರತೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಚಿತ್ರಸಂಗ್ರಹ ವಿಭಾಗದ ಮುಖ್ಯಸ್ಥೆಯಾಗಿದ್ದ ರೊಮಾನಾ ಜಾವಿಟ್ಸ್ ಅವರ ಬಳಿಗೆ ವಿನ್ಯಾಸಕಾರರು ಬಂದು ಅಮೆರಿಕದ ಹಳೆಯ ಕುರ್ಚಿ, ಹಳೆಯ ಕೌದಿ, ಹಳೆಯ ಆಟಿಕೆಯ ಬಣ್ಣದ ಚಿತ್ರ ಕೇಳುತ್ತಿದ್ದರು. ಕೊಡಲು ಅವರಲ್ಲಿ ಇರುತ್ತಿದ್ದುದು ಬಹುಪಾಲು ಯುರೋಪಿನ ಅಲಂಕಾರಗಳ ಪುಸ್ತಕಗಳು. ಜವಳಿ ವಿನ್ಯಾಸಕಿಯೂ ಚಿತ್ರಕಾರ್ತಿಯೂ ಆಗಿದ್ದ ರೂತ್ ರೀವ್ಸ್ ಮತ್ತು ಜಾವಿಟ್ಸ್ ಸೇರಿ ಈ ಕೊರತೆಯನ್ನೂ ಚಿತ್ರಕಾರರ ನಿರುದ್ಯೋಗವನ್ನೂ ಒಂದಕ್ಕೊಂದು ಜೋಡಿಸುವ ಸಲಹೆಯನ್ನು ಮುಂದಿಟ್ಟರು. ರೀವ್ಸ್ ಅವರೇ ಯೋಜನೆಯ ಮೊದಲ ಹಂತದ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಅಮೆರಿಕನ್ ಜನಪದ ಹಾಸ್ಯವನ್ನು ಕುರಿತು 1931ರಲ್ಲಿ ಪ್ರಸಿದ್ಧ ಗ್ರಂಥ ಬರೆದ ಕಾನ್ಸ್‌ಟನ್ಸ್ ರೂರ್ಕ್ ಕೆಲಕಾಲ ಅದರ ಸಂಪಾದಕಿಯಾಗಿದ್ದರು.

ಕಾಹಿಲ್ ಅವರಿಗೆ ಈ ಕೆಲಸ ಹೊಸದಾಗಿರಲಿಲ್ಲ. 1932ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಅವರು ಜನಸಾಮಾನ್ಯರ ಕಲೆಯೆಂಬ ಹೆಸರಿನಲ್ಲೇ ಅಮೆರಿಕನ್ ಜನಪದ ಕಲೆಯ ಪ್ರದರ್ಶನವನ್ನು ಏರ್ಪಡಿಸಿದ್ದರು. ಅಮೆರಿಕದ 'ಸ್ವಂತ' ವಿನ್ಯಾಸವನ್ನು ಹುಡುಕಹೊರಟ ಈ ಯೋಜನೆಯ ನಾಯಕ ಹುಟ್ಟಿದ್ದು ಐಸ್‌ಲ್ಯಾಂಡಿನಲ್ಲಿ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. ವಲಸೆ ಬಂದವರೇ ಬೇರನ್ನು ಹೆಚ್ಚು ಕಾತರದಿಂದ ಹುಡುಕುವುದು ಜಾನಪದ ಅಧ್ಯಯನದ ಚರಿತ್ರೆಯಲ್ಲಿ ಅಪರೂಪವೇನಲ್ಲ.

ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ನೂರಾರು ಚಿತ್ರಕಾರರು ಈ ಕೆಲಸದಲ್ಲಿ ತೊಡಗಿದರು. ಅವರಿಗೆ ವಾರದ ಸಂಬಳವಿತ್ತು. ನ್ಯೂಯಾರ್ಕಿನಲ್ಲಿ ಅದು ಸುಮಾರು 24 ಡಾಲರ್. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗಿನ ವಸ್ತುಗಳು ಮಾತ್ರ ಯೋಜನೆಯ ವ್ಯಾಪ್ತಿಗೆ ಬರುತ್ತಿದ್ದವು. ಕೌದಿ, ಪೆಟ್ಟಿಗೆ, ಜಾಡಿ, ಗೊಂಬೆ, ಬೆಣ್ಣೆಯ ಮೇಲೆ ಮುದ್ರೆಯೊತ್ತುವ ಮರದ ಅಚ್ಚು, ಹಡಗಿನ ಮುಂಭಾಗದ ಪ್ರತಿಮೆ, ಗಾಳಿಯ ದಿಕ್ಕು ತೋರುವ ತಗಡಿನ ಕೋಳಿ ಇವೆಲ್ಲ ಪಟ್ಟಿಯಲ್ಲಿ ಸೇರಿದವು. ಸ್ವತಂತ್ರ ಕಲಾವಿದರಲ್ಲಿ ಹಲವರಿಗೆ ಈ ಕೆಲಸ ರುಚಿಸಲಿಲ್ಲ. ಇನ್ನೊಬ್ಬರು ಮಾಡಿದ ವಸ್ತುವನ್ನು ಇದ್ದದ್ದು ಇದ್ದಂತೆ ಬರೆಯುವುದು ನಕಲುಗಾರಿಕೆಯೆಂಬ ತಾತ್ಸಾರ ಅವರಲ್ಲಿತ್ತು. ಆದರೆ ಹೀಗೆ ಬರೆಯುತ್ತಲೇ ಆ ವಸ್ತುಗಳ ವಿದ್ವಾಂಸರಾಗಿ ಬೆಳೆದವರೂ ಇದ್ದಾರೆ. ಪೆನ್ಸಿಲ್ವೇನಿಯಾದ ಘಟಕವನ್ನು ನಡೆಸಿದ ಫ್ರಾನ್ಸಿಸ್ ಲಿಕ್ಟನ್ 1946ರಲ್ಲಿ ಆ ರಾಜ್ಯದ ಗ್ರಾಮೀಣ ಜನಪದ ಕಲೆಯನ್ನು ಕುರಿತ ಗ್ರಂಥವನ್ನು ಪ್ರಕಟಿಸಿದರು. ನ್ಯೂ ಮೆಕ್ಸಿಕೊದಲ್ಲಿ ಮರದ ಸಂತಪ್ರತಿಮೆಗಳನ್ನು ಚಿತ್ರಿಸಿದ ಇ. ಬಾಯ್ಡ್ ಮುಂದೆ ಸ್ಪ್ಯಾನಿಷ್ ವಸಾಹತು ಕಲೆಯ ಮುಖ್ಯ ಅಧ್ಯಯನಕಾರರಾದರು. ವಾರಗಟ್ಟಲೆ ಒಂದೇ ವಸ್ತುವಿನ ಮುಂದೆ ಕುಳಿತ ಕಣ್ಣಿಗೆ ಪುಸ್ತಕದಿಂದ ಸಿಗದ ತಿಳಿವಳಿಕೆ ಸಿಗುತ್ತದೆಂಬುದಕ್ಕೆ ಇವರಿಬ್ಬರ ಬರವಣಿಗೆಯೇ ಸಾಕ್ಷಿ.

ಛಾಯಾಚಿತ್ರವಿರುವಾಗ ಜಲವರ್ಣವೇಕೆ ಎಂಬ ಪ್ರಶ್ನೆ ಸಹಜ. ಬಣ್ಣದ ಛಾಯಾಗ್ರಹಣ ಆಗಷ್ಟೇ ಕಣ್ಣುಬಿಡುತ್ತಿತ್ತು. ಕೊಡಾಕ್‌ರೋಮ್ ಫಿಲ್ಮ್ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ವೆಚ್ಚ ಹೆಚ್ಚು, ಬಣ್ಣ ನಿಲ್ಲುವ ಭರವಸೆ ಕಡಿಮೆ. ಇವುಗಳ ಜೊತೆಗೆ ಚಿತ್ರಕಾರರಿಗೆ ಕೂಲಿ ಒದಗಿಸುವುದೇ ಯೋಜನೆಯ ಉದ್ದೇಶವಾಗಿತ್ತೆಂಬುದನ್ನು ಮರೆಯಬಾರದು. ಆದರೆ ತಂತ್ರದ ದೃಷ್ಟಿಯಿಂದಲೂ ಜಲವರ್ಣಕ್ಕೆ ಒಂದು ಸಮರ್ಥನೆ ಇತ್ತು. ಅದು ಬಂದ ದಾರಿ ಕುತೂಹಲಕಾರಿಯಾಗಿದೆ. ಈಜಿಪ್ಟಿನ ಗೋರಿಗಳ ಉಬ್ಬುಶಿಲ್ಪಗಳನ್ನು ನಿಜವೇ ಎದುರಿಗಿದೆಯೆಂಬಂತೆ ಬರೆಯುವ ವಿಧಾನವೊಂದನ್ನು ಜೋಸೆಫ್ ಲಿಂಡನ್ ಸ್ಮಿತ್ ಎಂಬ ಚಿತ್ರಕಾರ ರೂಢಿಸಿದ್ದರು. ಬಾಸ್ಟನ್ನಿನ ಲಲಿತಕಲಾ ವಸ್ತುಸಂಗ್ರಹಾಲಯದ ಈಜಿಪ್ಟ್ ವಿಭಾಗದಲ್ಲಿದ್ದ ಸುಝಾನ್ ಚಾಪ್ಮನ್ ಆ ವಿಧಾನವನ್ನು ಇಂಡೆಕ್ಸ್‌ನ ಚಿತ್ರಕಾರರಿಗೆ ಕಲಿಸಿದರು. ಫೇರೋಗಳ ಗೋರಿಗಾಗಿ ಪಳಗಿದ ಕುಂಚ ಹೀಗೆ ರೈತರ ಮನೆಯ ಹಾಲಿನ ಜಾಡಿಯ ಕಡೆಗೆ ತಿರುಗಿತು. ಪೆನ್ಸಿಲ್ಲಿನಿಂದ ಅಳತೆಗೆ ಸರಿಯಾಗಿ ಹೊರರೇಖೆ ಎಳೆಯುವುದು, ತೆಳುವಾದ ಪಾರದರ್ಶಕ ಬಣ್ಣವನ್ನು ಪದರದ ಮೇಲೆ ಪದರವಾಗಿ ಹರಡುವುದು, ಹೊಳಪಿನ ಜಾಗಕ್ಕೆ ಬಿಳಿ ಬಣ್ಣ ಬಳಿಯದೆ ಕಾಗದವನ್ನೇ ಬರಿದಾಗಿ ಬಿಡುವುದು, ಬೆಳಕು ಒಂದೇ ದಿಕ್ಕಿನಿಂದ ಬೀಳುವಂತೆ ನೋಡಿಕೊಳ್ಳುವುದು, ಹಿನ್ನೆಲೆಯಲ್ಲಿ ಏನನ್ನೂ ಬರೆಯದಿರುವುದು: ಇವು ಆ ವಿಧಾನದ ಮುಖ್ಯ ನಿಯಮಗಳು. ಸವೆತ, ಬಿರುಕು, ಉದುರಿದ ಬಣ್ಣ, ಕೀಟ ತಿಂದ ತೂತು ಇವನ್ನೂ ಬಿಡದೆ ಬರೆದದ್ದು ಈ ಚಿತ್ರಗಳ ದೊಡ್ಡ ಗುಣ.

ಇದರ ಬೆಲೆಯನ್ನು ಒಂದು ವಸ್ತುವಿನ ಮೂಲಕ ನೋಡುವುದು ಸೂಕ್ತ. ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ರೈತಾಪಿ ಕುಟುಂಬಗಳಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಯಲ್ಲಿದ್ದ ತಗಡಿನ ಕಾಫಿಪಾತ್ರೆ ಅಂಥ ಒಂದು ವಸ್ತು. ತೆಳುವಾದ ಕಬ್ಬಿಣದ ಹಾಳೆಗೆ ತವರದ ಲೇಪ ಕೊಟ್ಟ ತಗಡಿನಿಂದ ಇದನ್ನು ಮಾಡುತ್ತಿದ್ದರು. ಬುಡ ಅಗಲ, ಕುತ್ತಿಗೆ ಕಿರಿದು, ಹಂಸದ ಕೊರಳಿನಂತೆ ಬಾಗಿದ ಸೊಂಡಿಲು, ಮೇಲೊಂದು ಗುಮ್ಮಟದಂಥ ಮುಚ್ಚಳ, ಬದಿಯಲ್ಲಿ ಪಟ್ಟಿಯ ಹಿಡಿ. ಮೈಮೇಲೆ ಟ್ಯೂಲಿಪ್ ಹೂವು, ಕುಂಡ, ಬಳ್ಳಿಗಳ ಚಿತ್ತಾರ. ಈ ಚಿತ್ತಾರವನ್ನು ಬಿಡಿಸುತ್ತಿದ್ದ ಕ್ರಮ ಗಮನಾರ್ಹವಾದುದು. ಪಾತ್ರೆಯನ್ನು ಜೋಡಿಸಿದ ಮೇಲೆ ಅದರ ಮೈಮೇಲೆ ಕೆಲಸ ಮಾಡಲಾಗದು. ಆದ್ದರಿಂದ ತಗಡು ಇನ್ನೂ ಚಪ್ಪಟೆಯಾಗಿರುವಾಗಲೇ ಅದನ್ನು ಮಗುಚಿಟ್ಟು, ಮೊಂಡು ಮೊನೆಯ ಉಳಿಯಿಂದ ಹಿಂಬದಿಯಲ್ಲಿ ಒಂದೊಂದೇ ಚುಕ್ಕಿಯನ್ನು ತಟ್ಟುತ್ತ ಹೋಗಬೇಕು. ಪೆಟ್ಟು ಕಡಿಮೆಯಾದರೆ ಚುಕ್ಕಿ ಏಳುವುದಿಲ್ಲ, ಹೆಚ್ಚಾದರೆ ತಗಡು ತೂತಾಗಿ ಪಾತ್ರೆ ಸೋರುತ್ತದೆ. ಆಹಾರವಿಡುವ ಕಪಾಟಿನ ಬಾಗಿಲಿಗೆ, ಲಾಂದ್ರಕ್ಕೆ ಇದೇ ಕಸುಬಿನವರು ಬೇಕೆಂದೇ ತೂತು ಕೊರೆಯುತ್ತಿದ್ದರು; ಅಲ್ಲಿ ಗಾಳಿ ಆಡಬೇಕು, ಬೆಳಕು ಹೊರಬರಬೇಕು. ಕಾಫಿಪಾತ್ರೆಯಲ್ಲಿ ಅದೇ ಉಳಿ, ಅದೇ ಸುತ್ತಿಗೆ, ಆದರೆ ಕೈಯ ಲೆಕ್ಕ ಬೇರೆ. ಚುಕ್ಕಿ ಎಣಿಸಿ ರಂಗೋಲಿಯಿಡುವ ಕೈಗೆ ಈ ಲೆಕ್ಕ ಅರ್ಥವಾಗದಿರದು. ಚಿತ್ತಾರ ಮುಗಿದ ನಂತರ ತಗಡನ್ನು ಸುರುಳಿ ಮಾಡಿ ಅಂಚು ಕೂಡಿಸಿ ಬೆಸುಗೆ ಹಾಕುತ್ತಿದ್ದರು.

ಇಂಥ ಪಾತ್ರೆಯನ್ನು ಕಪ್ಪು ಬಿಳುಪು ಛಾಯಾಚಿತ್ರದಲ್ಲಿ ಹಿಡಿದರೆ ತಗಡಿನ ಹೊಳಪು ಚುಕ್ಕಿಗಳನ್ನು ನುಂಗಬಹುದು. ಜಲವರ್ಣಕಾರರು ಹಾಗಾಗಲು ಬಿಡುವುದಿಲ್ಲ. ಪ್ರತಿ ಚುಕ್ಕಿಗೂ ಬೆಳಕಿನ ಕಡೆಗೊಂದು ಬಿಳಿಯ ಬಿಂದು, ನೆರಳಿನ ಕಡೆಗೊಂದು ಬೂದುಬಣ್ಣದ ಸಣ್ಣ ಅರ್ಧಚಂದ್ರ ಇಡಬೇಕು. ಆಗ ಮಾತ್ರ ಅದು ತೂತಲ್ಲ, ಒಳಗಿನಿಂದ ಎದ್ದ ಉಬ್ಬು ಎಂದು ನೋಡುವವರಿಗೆ ತಿಳಿಯುತ್ತದೆ. ಕಸುಬುದಾರ ಉಳಿಯಿಂದ ನೂರಾರು ಸಲ ತಟ್ಟಿದ್ದನ್ನು ಚಿತ್ರಕಾರ ಕುಂಚದಿಂದ ನೂರಾರು ಸಲ ಮುಟ್ಟುತ್ತಾನೆ. ಎಲ್ಲಿ ಕೈ ಜಾರಿ ಚುಕ್ಕಿಯ ಸಾಲು ಓರೆಯಾಗಿದೆ, ಎಲ್ಲಿ ಎರಡು ದಳಗಳ ಅಳತೆ ಒಂದಕ್ಕೊಂದು ಹೊಂದಿಲ್ಲ, ಎಲ್ಲಿ ತವರ ಸವೆದು ತುಕ್ಕು ಇಣುಕಿದೆ ಎಂಬುದು ಅವನಿಗೆ ದಕ್ಕುತ್ತದೆ. ಈ ಅರ್ಥದಲ್ಲಿ ಜಲವರ್ಣ ಅಧ್ಯಯನವು ನಕಲಲ್ಲ. ತಯಾರಿಕೆಯ ಹೆಜ್ಜೆಗಳನ್ನು ಕಣ್ಣಿನಿಂದ ಮತ್ತೊಮ್ಮೆ ನಡೆಯುವ ಕ್ರಮ. ಯೋಜನೆಯನ್ನು ತಾತ್ಸಾರ ಮಾಡಿದ ಕಲಾವಿದರ ಗಮನಕ್ಕೆ ಇದು ಬಂದಂತಿಲ್ಲ.

ಇಷ್ಟಾದರೂ ಆ ಚಿತ್ರದಲ್ಲಿ ಇಲ್ಲದಿರುವುದೇನೆಂದು ಕೇಳಬೇಕು. ಒಲೆ ಇಲ್ಲ, ಮೇಜು ಇಲ್ಲ, ಬೆಳಗಿನ ಹೊತ್ತು ಇಲ್ಲ. ಪಾತ್ರೆ ಬಿಳಿ ಕಾಗದದ ನಡುವೆ ಒಂಟಿಯಾಗಿ ನಿಂತಿದೆ. ಅದನ್ನು ದಿನವೂ ಬಳಸುತ್ತಿದ್ದರೋ ಅತಿಥಿಗಳು ಬಂದಾಗ ಮಾತ್ರ ಇಳಿಸುತ್ತಿದ್ದರೋ, ತವರು ಮನೆಯಿಂದ ಬಂದದ್ದೋ ಸಂತೆಯಲ್ಲಿ ಕೊಂಡದ್ದೋ, ಸೋರಿದಾಗ ಯಾರು ಬೆಸುಗೆ ಹಾಕಿಕೊಡುತ್ತಿದ್ದರು ಎಂಬ ಪ್ರಶ್ನೆಗಳಿಗೆ ಚಿತ್ರ ಉತ್ತರಿಸುವುದಿಲ್ಲ. ಪ್ರತಿ ಚಿತ್ರದೊಂದಿಗೆ ಒಂದು ಮಾಹಿತಿ ಹಾಳೆಯನ್ನು ತುಂಬುವ ಪದ್ಧತಿ ಇಂಡೆಕ್ಸ್‌ನಲ್ಲಿತ್ತು. ವಸ್ತುವಿನ ಹೆಸರು, ಒಡೆಯರು, ಕಾಲ, ಸಾಮಗ್ರಿ, ಅಳತೆ, ತಿಳಿದಿದ್ದರೆ ತಯಾರಕರು ಇಂಥ ವಿವರಗಳನ್ನು ಅದು ಕೇಳುತ್ತಿತ್ತು. ಆದರೆ ಒಡೆಯರೆಂದರೆ ಬಹಳ ಸಲ ಸಂಗ್ರಾಹಕರೋ ವಸ್ತುಸಂಗ್ರಹಾಲಯವೋ ಆಗಿರುತ್ತಿದ್ದರು. ಇಪ್ಪತ್ತರ ದಶಕದಿಂದಲೇ ಅಮೆರಿಕದ ಶ್ರೀಮಂತರು ಹಳ್ಳಿಮನೆಗಳ ಹಳೆಯ ಸಾಮಾನುಗಳನ್ನು ಕೊಳ್ಳತೊಡಗಿದ್ದರು; ಹೆನ್ರಿ ಫೋರ್ಡ್ ಅವರಂಥವರು ಮನೆಗಳನ್ನೇ ಕಿತ್ತು ತಂದು ತಮ್ಮ ಸಂಗ್ರಹಾಲಯದ ಆವರಣದಲ್ಲಿ ನಿಲ್ಲಿಸಿದ್ದರು. ಹೀಗಾಗಿ ಚಿತ್ರಕಾರರ ಮುಂದೆ ಬಂದಾಗ ವಸ್ತು ಅದಾಗಲೇ ಬಳಕೆಯಿಂದ ಬಿಡಿಸಿಕೊಂಡು 'ಪುರಾತನ ವಸ್ತು'ವಾಗಿಬಿಟ್ಟಿರುತ್ತಿತ್ತು. ಬಿಳಿಯ ಹಿನ್ನೆಲೆ ಚಿತ್ರಕಲೆಯ ನಿಯಮವಷ್ಟೇ ಆಗಿರಲಿಲ್ಲ. ವಸ್ತುವಿನ ಆಗಿನ ಸ್ಥಿತಿಯೂ ಅದೇ ಆಗಿತ್ತು.

ಉಡುಪುಗಳ ಚಿತ್ರಗಳಲ್ಲಿ ಈ ಗೈರುಹಾಜರಿ ಕಣ್ಣಿಗೇ ಹೊಡೆಯುತ್ತದೆ. ಹಳೆಯ ಕಾಲದ ಹೆಂಗಸರ ಉಡುಪುಗಳನ್ನು ಯಾರೋ ತೊಟ್ಟಂತೆ, ಎದೆ ಸೊಂಟಗಳು ತುಂಬಿ ನಿಂತಂತೆ ಬರೆದಿದ್ದಾರೆ. ತಲೆ ಇಲ್ಲ, ಕೈಗಳಿಲ್ಲ. ರೇಷ್ಮೆಯ ಒಂದೊಂದು ಮಡಿಕೆಯೂ ಉಳಿದಿದೆ, ತೊಟ್ಟವಳು ಉಳಿದಿಲ್ಲ. ಇಡೀ ಇಂಡೆಕ್ಸ್‌ನ ಸ್ವಭಾವವನ್ನು ಹೇಳಲು ಈ ಒಂದು ವರ್ಗದ ಚಿತ್ರಗಳೇ ಸಾಕು.

ಇನ್ನೂ ಗಂಭೀರವಾದ ಗೈರುಹಾಜರಿಗಳಿವೆ. ಮೂಲನಿವಾಸಿ ಜನರ ವಸ್ತುಗಳನ್ನು ಯೋಜನೆ ನೀತಿಯಾಗಿಯೇ ಹೊರಗಿಟ್ಟಿತು. ಮಾನವಶಾಸ್ತ್ರಜ್ಞರು ಅವನ್ನು ಈಗಾಗಲೇ ದಾಖಲಿಸುತ್ತಿದ್ದಾರೆಂಬುದು ಕೊಟ್ಟ ಕಾರಣ. ಯುರೋಪಿನಿಂದ ಬಂದವರ ಬುಟ್ಟಿ 'ವಿನ್ಯಾಸ', ಆ ನೆಲದಲ್ಲೇ ಹುಟ್ಟಿದವರ ಬುಟ್ಟಿ 'ಬುಡಕಟ್ಟಿನ ಸಾಮಗ್ರಿ' ಎಂಬ ವಿಂಗಡಣೆ ಇದರಿಂದ ಗಟ್ಟಿಯಾಯಿತು. ಕಪ್ಪು ಜನರ ಕೈಕೆಲಸಕ್ಕೆ ಸಿಕ್ಕ ಜಾಗವೂ ತೀರ ಕಡಿಮೆ. ವಿಪರ್ಯಾಸವೆಂದರೆ ಅದೇ ಸರ್ಕಾರದ ಅದೇ ಉದ್ಯೋಗ ಯೋಜನೆಯ ಬರಹಗಾರರ ಶಾಖೆ 1936ರಿಂದ 1938ರ ನಡುವೆ, ಹಿಂದೆ ಗುಲಾಮರಾಗಿದ್ದ ಎರಡು ಸಾವಿರಕ್ಕೂ ಹೆಚ್ಚು ವೃದ್ಧರ ನೆನಪುಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡಿತು. ಜಾನಪದ ವಿದ್ವಾಂಸರಾದ ಜಾನ್ ಲೋಮ್ಯಾಕ್ಸ್ ಮತ್ತು ಅವರ ನಂತರ ಬೆಂಜಮಿನ್ ಬಾಟ್ಕಿನ್ ಆ ಶಾಖೆಯ ಜಾನಪದ ಕಾರ್ಯಕ್ಕೆ ಮಾರ್ಗದರ್ಶನ ಮಾಡಿದರು. ಒಂದು ಶಾಖೆ ಮಾತನ್ನು ಸಂಗ್ರಹಿಸಿತು, ಇನ್ನೊಂದು ವಸ್ತುವನ್ನು. ನೂಲು ತೆಗೆದ, ಕೌದಿ ಹೊಲಿದ, ಬುಟ್ಟಿ ಹೆಣೆದ ನೆನಪುಗಳನ್ನು ಹೇಳಬಲ್ಲವರು ಒಂದು ಕಡತದಲ್ಲಿ, ಬುಟ್ಟಿ ಕೌದಿಗಳು ಇನ್ನೊಂದು ಕಡತದಲ್ಲಿ ಉಳಿದವು. ಆ ವಯೋವೃದ್ಧರ ಮುಂದೆ ಒಬ್ಬ ಬರಹಗಾರನೂ ಒಬ್ಬ ಚಿತ್ರಕಾರನೂ ಒಟ್ಟಿಗೆ ಕುಳಿತಿದ್ದರೆ ದೊರೆಯಬಹುದಾಗಿದ್ದ ಆಕರ ಎಂಥದಾಗಿರುತ್ತಿತ್ತೆಂದು ಊಹಿಸಬಹುದಷ್ಟೇ.

ಯುದ್ಧ ಬಂದೊಡನೆ 1942ರಲ್ಲಿ ಕೆಲಸ ನಿಂತಿತು. ಚಿತ್ರಗಳು 1943ರಲ್ಲಿ ನ್ಯಾಷನಲ್ ಗ್ಯಾಲರಿಯನ್ನು ಸೇರಿದವು. 1950ರಲ್ಲಿ ಎರ್ವಿನ್ ಕ್ರಿಸ್ಟೆನ್ಸನ್ ಅವರ ಗ್ರಂಥ ಆಯ್ದ ಚಿತ್ರಗಳನ್ನು ಪರಿಚಯಿಸಿತು. ಲುಸಿಲ್ ಶಾಬೊ ಎಂಬ ಚಿತ್ರಕಾರ್ತಿ ಬರೆದ, ಮ್ಯಾಸಚೂಸೆಟ್ಸಿನ ಚರ್ಚೊಂದರ ಗಾಳಿಸೂಚಿಯಾಗಿದ್ದ ಗೇಬ್ರಿಯಲ್ ದೇವದೂತನ ಚಿತ್ರ 1965ರ ಕ್ರಿಸ್ಮಸ್ ಅಂಚೆಚೀಟಿಯ ಮೇಲೆ ಬಂತು.

ಅಷ್ಟರಲ್ಲಿ ಈ ಯೋಜನೆಯ ಕಲ್ಪನೆಯನ್ನು ಮುಂದಿಟ್ಟವರಲ್ಲಿ ಒಬ್ಬರಾದ ರೂತ್ ರೀವ್ಸ್ ಭಾರತದಲ್ಲಿದ್ದರು. ಇಂಡೆಕ್ಸ್‌ನ ಚರಿತ್ರೆಯಲ್ಲಿ ಒಂದು ಸಾಲಿಗೆ ಮುಗಿಸಿಬಿಡುವ ಈ ಸಂಗತಿ ಭಾರತೀಯ ಜಾನಪದ ಅಧ್ಯಯನಕಾರರಿಗೆ ಮಹತ್ವದ್ದು. 1956ರಲ್ಲಿ ಫುಲ್‌ಬ್ರೈಟ್ ವೇತನದ ಮೇಲೆ ಇಲ್ಲಿನ ಕರಕುಶಲ ಕಲೆಗಳ ಅಧ್ಯಯನಕ್ಕೆಂದು ಬಂದ ಅವರು ಇಲ್ಲೇ ನೆಲೆಸಿದರು. ಕರಕುಶಲ ಮಂಡಳಿಯೊಂದಿಗೆ ಕೆಲಸ ಮಾಡಿ, ಮುಂದೆ ಭಾರತದ ಜನಗಣತಿ ಇಲಾಖೆಯ ರಿಜಿಸ್ಟ್ರಾರ್ ಜನರಲ್ ಕಚೇರಿಗೆ ಕರಕುಶಲ ವಿಷಯಗಳ ಸಲಹೆಗಾರರಾಗಿ, 1966ರಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಅಶೋಕ್ ಮಿತ್ರ ಅವರು ರಿಜಿಸ್ಟ್ರಾರ್ ಜನರಲ್ ಆಗಿದ್ದಾಗ ನಡೆದ 1961ರ ಜನಗಣತಿ, ತಲೆ ಎಣಿಸುವುದರ ಜೊತೆಗೆ ಗ್ರಾಮಗಳ ಮತ್ತು ಕರಕುಶಲ ಕಸುಬುಗಳ ಸಮೀಕ್ಷೆಯನ್ನೂ ಕೈಗೊಂಡಿತ್ತು. ಆ ವರದಿಗಳಲ್ಲಿ ಕಚ್ಚಾವಸ್ತು ಎಲ್ಲಿಂದ ಬರುತ್ತದೆ, ಯಾವ ಸಮುದಾಯದವರು ಕಸುಬು ಮಾಡುತ್ತಾರೆ, ಉಪಕರಣಗಳ ಹೆಸರೇನು, ಯಾವ ಹಂತದ ನಂತರ ಯಾವ ಹಂತ, ಸರಕನ್ನು ಯಾರು ಕೊಳ್ಳುತ್ತಾರೆ ಎಂಬ ವಿವರಗಳು ರೇಖಾಚಿತ್ರ, ಛಾಯಾಚಿತ್ರಗಳೊಡನೆ ಸಿಗುತ್ತವೆ. ಈ ಬದಲಾವಣೆಗೆ ರೀವ್ಸ್ ಒಬ್ಬರನ್ನೇ ಕಾರಣರೆನ್ನುವುದು ಸರಿಯಾಗದು. ಆದರೆ ಅವರ ಸ್ವಂತ ದೃಷ್ಟಿ ಸಾಗಿದ ದಾರಿ ಸ್ಪಷ್ಟವಾಗಿದೆ. 1962ರಲ್ಲಿ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಪ್ರಕಟಿಸಿದ ಅವರ ಗ್ರಂಥ ಭಾರತದ ಮೇಣದಚ್ಚಿನ ಎರಕವನ್ನು ಕುರಿತದ್ದು. ಗ್ರಂಥದ ಹೆಸರಿನಲ್ಲಿ ಪ್ರತಿಮೆ ಇಲ್ಲ, ಪಾತ್ರೆ ಇಲ್ಲ. ಇರುವುದು ಒಂದು ಪ್ರಕ್ರಿಯೆ. ಅಮೆರಿಕದಲ್ಲಿ ಮಾಡಿದವರಿಲ್ಲದ ವಸ್ತುಗಳನ್ನು ಪಟ್ಟಿ ಮಾಡಿಸಿದವರಿಗೆ ಇಲ್ಲಿ, ಮೇಣದ ಎಳೆಯನ್ನು ಮಣ್ಣಿನ ತಿರುಳಿನ ಮೇಲೆ ಸುತ್ತುತ್ತಿದ್ದ ಕಸುಬುದಾರರು ಎದುರಿಗೇ ಸಿಕ್ಕರು.

ಕರ್ನಾಟಕದಲ್ಲಿ ಗೃಹಬಳಕೆಯ ವಸ್ತುಗಳ ಸಂಗ್ರಹಣೆ ಸಂಸ್ಥೆಯ ರೂಪ ಪಡೆದದ್ದು ಅರವತ್ತರ ದಶಕದ ಕೊನೆಯಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯದ ಮೂಲಕ. ಜಯಲಕ್ಷ್ಮೀವಿಲಾಸ ಅರಮನೆಯಲ್ಲಿರುವ ಆ ಸಂಗ್ರಹವನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ಆರ್. ತಿಪ್ಪೇಸ್ವಾಮಿ ಅವರು ಚಿತ್ರಕಾರರಾಗಿದ್ದರೆಂಬುದು ಆಕಸ್ಮಿಕವಲ್ಲ. ಹಳ್ಳಿಯ ಅಟ್ಟದ ಮೇಲೆ ಬಿದ್ದ ವಸ್ತುವಿನ ಬೆಲೆಯನ್ನು ಮೊದಲು ಗುರುತಿಸುವುದು ಬಹುಶಃ ರೂಪವನ್ನು ಕಾಣಬಲ್ಲ ಕಣ್ಣೇ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿ 1994ರಲ್ಲಿ ತೆರೆದ ಜಾನಪದ ಲೋಕ ಈ ಕೆಲಸವನ್ನು ಇನ್ನಷ್ಟು ವಿಸ್ತರಿಸಿತು. ಇವೆರಡೂ ಕಡೆ ಪಾವು, ಸೇರು, ಕೊಳಗಗಳೂ ಅಡಕತ್ತರಿಗಳೂ ಬೀಸುವ ಕಲ್ಲುಗಳೂ ಇಂಥ ನೂರಾರು ಪರಿಕರಗಳೂ ನೋಡಲು ಸಿಗುತ್ತವೆ. ಇಂಡೆಕ್ಸ್‌ನ ಮಾದರಿಯ ಜಲವರ್ಣ ದಾಖಲೆಯನ್ನು ಇವುಗಳಿಗೆ ಅನ್ವಯಿಸಿದರೆ ಏನಾಗಬಹುದೆಂದು ಪರೀಕ್ಷಿಸಲು ಈಳಿಗೆಮಣೆ ಒಳ್ಳೆಯ ಉದಾಹರಣೆ.

ಮಣೆಯ ಮರದ ಎಳೆ, ಕಾಲಿಟ್ಟು ಸವೆದ ತಗ್ಗು, ಮಸೆದು ಮಸೆದು ತೆಳುವಾದ ಅಲಗಿನ ಬಾಗು, ತುದಿಯಲ್ಲಿರುವ ತೆಂಗಿನಕಾಯಿ ತುರಿಯುವ ಹಲ್ಲುಗಳು ಇವೆಲ್ಲವನ್ನೂ ಪಾರದರ್ಶಕ ಬಣ್ಣದ ಪದರಗಳು ಸೊಗಸಾಗಿ ಹಿಡಿಯಬಲ್ಲವು. ಆದರೆ ಬಿಳಿ ಕಾಗದದ ಮೇಲೆ ಒಂಟಿಯಾಗಿ ನಿಂತ ಈಳಿಗೆಮಣೆಯನ್ನು ಕಂಡ ಹೊರಗಿನವರಿಗೆ ಅದು ಆಯುಧವೋ ಪೀಠವೋ ತಿಳಿಯದು. ಇಲ್ಲಿ ಕತ್ತಿ ಕದಲುವುದಿಲ್ಲ, ತರಕಾರಿ ಕದಲುತ್ತದೆ. ಕೂತವರ ಮೈಭಾರವೇ ಕತ್ತಿಯನ್ನು ಹಿಡಿದು ನಿಲ್ಲಿಸುತ್ತದೆ. ಈ ತಿಳಿವಳಿಕೆ ವಸ್ತುವಿನ ರೂಪದಲ್ಲಿಲ್ಲ, ಅದರ ಹೆಸರಿನಲ್ಲಿದೆ. ಕರಾವಳಿಯ ಕೆಲವು ಮನೆಮಾತುಗಳಲ್ಲಿ ಇದೇ ವಸ್ತುವನ್ನು ಮೆಟ್ಟುಕತ್ತಿ ಎನ್ನುತ್ತಾರೆ. ಮೆಟ್ಟುವುದೆಂದರೆ ಕಾಲಿನಿಂದ ಅದುಮುವುದು. ಬಯಲುಸೀಮೆಯ ಹೆಸರು ಅಲಗನ್ನೂ ಮಣೆಯನ್ನೂ ಹೇಳಿತು. ಕರಾವಳಿಯ ಹೆಸರು ಕೂತವರ ಭಂಗಿಯನ್ನೇ ಹೇಳಿಬಿಟ್ಟಿತು. ಚಿತ್ರದೊಡನೆ ಹೋಗುವ ಮಾಹಿತಿ ಹಾಳೆಯಲ್ಲಿ ಒಡೆಯರು, ಕಾಲ, ಅಳತೆಗಳಿಗಿಂತ ಮೇಲೆ ಮೊದಲ ಸಾಲಿನಲ್ಲಿ ಇರಬೇಕಾದದ್ದು ಆ ಮನೆಯವರು ಅದನ್ನು ಕರೆಯುತ್ತಿದ್ದ ಹೆಸರು. ಎರಡನೆಯ ಸಾಲಿನಲ್ಲಿ, ಅದರ ಮೇಲೆ ಯಾವ ಕಾಲನ್ನು ಮಡಿಸಿ ಕೂರುತ್ತಿದ್ದರು ಎಂಬ ವಿವರ. ಮಣೆಯ ಸವೆತ ಎಡಕ್ಕೋ ಬಲಕ್ಕೋ ಎಂಬುದನ್ನು ಚಿತ್ರಕಾರರು ಬರೆದಿರುತ್ತಾರೆ. ಏಕೆ ಹಾಗೆ ಸವೆಯಿತೆಂಬುದನ್ನು ಅದರ ಮೇಲೆ ಕೂತು ಹೆಚ್ಚಿದವರೇ ಹೇಳಬೇಕು.